ಗಾಡಿ ‘ಮಿಸ್ಸಿಂಗ್’ ಅಂದಾಗ, ಎಂಜಿನ್ ಬಿಚ್ಚುವ ಮುನ್ನ

ಪುಣೆಯ ಗ್ಯಾರೇಜುಗಳಲ್ಲಿ ಕನ್ನಡಿಗರಿಗೆ ಅನುವಾದವೇ ಬೇಡದ ಪದವೊಂದಿದೆ: ಮಿಸ್ಸಿಂಗ್. ಹುಬ್ಬಳ್ಳಿಯಲ್ಲಿ ‘ಗಾಡಿ ಮಿಸ್ಸಿಂಗ್ ಹೊಡಿಯಾಕತ್ತೈತಿ’ ಅಂದರೂ ಭೋಸರಿಯಲ್ಲಿ ‘ಗಾಡಿ ಮಿಸಿಂಗ್ ಮಾರತೇ’ ಅಂದರೂ ಮೆಕ್ಯಾನಿಕ್ ತಲೆಯಾಡಿಸುತ್ತಾನೆ. ತೊಡಕು ಶುರುವಾಗುವುದು ಅವನ ಮುಂದಿನ ಮಾತಿನಿಂದ. ಲಕ್ಷ ಕಿಲೋಮೀಟರ್ ದಾಟಿದ ಕಾರಾದರೆ ಆ ಮಾತು ಹೆಚ್ಚಾಗಿ ಒಂದೇ: ‘ಇಂಜಿನ್ ಖೋಲಾವಂ ಲಾಗೇಲ್.’ ಎಂಜಿನ್ ಬಿಚ್ಚಬೇಕಾಗುತ್ತದೆ.

ಪಿಂಪ್ರಿ, ಚಾಕಣ, ಹಿಂಜವಡಿಯ ಪಾರ್ಕಿಂಗ್‌ಗಳಲ್ಲಿ ಕೆಎ-22, ಕೆಎ-25, ಕೆಎ-28, ಕೆಎ-29 ನಂಬರಿನ ಹಳೆಯ ಕಾರುಗಳಿಗೆ ಬರವಿಲ್ಲ. ಊರಲ್ಲಿ ಅಪ್ಪ ಕೊಂಡ ಕಾರು ಮಗನ ಜತೆ ಇಲ್ಲಿಗೆ ಬಂದಿರುತ್ತದೆ. ಇಲ್ಲಿ ಮಾರಲು ಹೋದರೆ ಹೊರರಾಜ್ಯದ ನಂಬರು, ಎನ್‌ಒಸಿ ತರಬೇಕು, ಇಲ್ಲಿನ ತೆರಿಗೆ ಕಟ್ಟಬೇಕು ಎಂದೆಲ್ಲ ಹೇಳಿ ದಲ್ಲಾಳಿ ಬೆಲೆ ಇಳಿಸುತ್ತಾನೆ. 15 ವರ್ಷ ಮುಗಿದಿದ್ದರೆ ನೋಂದಣಿ ನವೀಕರಣಕ್ಕೇ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಶುಲ್ಕ. ಇಂಥ ಕಾರಿಗೆ ಮೂವತ್ತು–ನಲವತ್ತು ಸಾವಿರದ ಎಂಜಿನ್ ಕೆಲಸ ಅಂದಕೂಡಲೇ ಮನೆಯಲ್ಲಿ ಪಂಚಾಯಿತಿ ಶುರುವಾಗುತ್ತದೆ. ಮಾರಬೇಕೋ ರಿಪೇರಿ ಮಾಡಿಸಬೇಕೋ ಎಂಬ ಪ್ರಶ್ನೆ ಆಮೇಲಿನದು. ಎಂಜಿನ್ ನಿಜವಾಗಿ ಸೋತಿದೆಯೇ ಎಂಬುದು ಮೊದಲು ತಿಳಿಯಬೇಕು. ಅದನ್ನು ತಿಳಿಯಲು ಎಂಜಿನ್ ಬಿಚ್ಚಬೇಕಿಲ್ಲ.

ಮಿಸ್‌ಫೈರ್ ಅಂದರೆ ಒಂದು ಸಿಲಿಂಡರಿನಲ್ಲಿ ಆಗಬೇಕಾದ ಉರಿ ಆಗದಿರುವುದು, ಇಲ್ಲವೇ ಅರೆಬರೆ ಆಗುವುದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಸಿಗ್ನಲ್ಲಿನಲ್ಲಿ ನಿಂತಾಗ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಎರಡು ಸುತ್ತಿಗೆ ಒಂದರಂತೆ ಪ್ರತಿ ಸಿಲಿಂಡರಿನಲ್ಲಿ 400 ಉರಿ, ಒಟ್ಟು 1,600. ಇದರಲ್ಲಿ ನಾಲ್ಕನೆಯ ಒಂದು ಭಾಗ ತಪ್ಪಿದರೆ ಸ್ಟೇರಿಂಗ್ ನಡುಗುತ್ತದೆ, ಗೇರ್ ಲಿವರ್ ಕುಣಿಯುತ್ತದೆ, ಸೈಲೆನ್ಸರ್ ‘ಪಟ್… ಪಟ್’ ಎನ್ನುತ್ತದೆ. ಉರಿಗೆ ಬೇಕಾದದ್ದು ನಾಲ್ಕು: ಹೊತ್ತಿಗೆ ಸರಿಯಾಗಿ ಕಿಡಿ, ಅಳತೆಯ ಇಂಧನ, ಅಳತೆಯ ಗಾಳಿ, ಇವನ್ನು ಹಿಡಿದು ಅದುಮುವ ಕಾಂಪ್ರೆಶನ್. ಮೊದಲ ಮೂರನ್ನು ಕೊಡುವ ಸಾಮಾನು ಎಂಜಿನ್ನಿನ ಹೊರಗಿರುತ್ತದೆ, ಕೆಟ್ಟರೆ ಖರ್ಚು ಬಹುಪಾಲು ನೂರರ ಲೆಕ್ಕದಲ್ಲಿ, ಹೆಚ್ಚೆಂದರೆ ಕೆಲವು ಸಾವಿರ. ನಾಲ್ಕನೆಯದು ಒಳಗಿನದು. ದೊಡ್ಡ ಬಿಲ್ಲು ಬರುವುದು ಅಲ್ಲಿ.

ಕಾಂಪ್ರೆಶನ್ ನೋಡದೆಯೇ ಎಂಜಿನ್ ಬಿಚ್ಚಲು ಹೇಳುವುದು ಒಂದು ಬಗೆಯ ತಪ್ಪು. ಪ್ಲಗ್ ಬದಲಿಸಿ, ಹೋಗಲಿಲ್ಲವೇ, ಕಾಯಿಲ್ ಬದಲಿಸಿ, ಇಂಜೆಕ್ಟರ್ ತೊಳೆಸಿ, ಸೆನ್ಸರ್ ಹಾಕಿ ಎಂದು ಒಂದೊಂದೇ ಊಹೆಗೆ ದುಡ್ಡು ಸುರಿಸುವುದು ಇನ್ನೊಂದು ಬಗೆಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಎರಡನೆಯದು ಸಾಧುವಾಗಿ ಕಾಣುತ್ತದೆ, ಆದರೆ ಮೂರು ತಿಂಗಳಲ್ಲಿ ಅದರ ಮೊತ್ತವೂ ಎಂಜಿನ್ ಕೆಲಸದ ಹತ್ತಿರ ಬಂದಿರುತ್ತದೆ.

ಗ್ಯಾರೇಜಿಗೆ ಹೋಗುವ ಮುನ್ನ ಒಂದು ವಾರ ಕಾರು ಯಾವಾಗ ಮಿಸ್ ಮಾಡುತ್ತದೆ ಎಂದು ಬರೆದಿಡಿ. ಅರ್ಧ ರೋಗ ಅಲ್ಲೇ ಸಿಗುತ್ತದೆ. ಸಾತಾರಾ ಕಡೆ ಹೋಗುವಾಗ ಸಮತಟ್ಟಿನಲ್ಲಿ ಸುಮ್ಮನಿದ್ದು, ಖಂಬಾಟ್ಕಿ ಘಾಟಿನ ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಮುಗ್ಗರಿಸಿದರೆ ಮೊದಲ ಅನುಮಾನ ಕಿಡಿಯ ಮೇಲೆ. ಭಾರ ಹೆಚ್ಚಿದಾಗ ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸವೆದ ಪ್ಲಗ್, ಬಿರುಕು ಬಿಟ್ಟ ಕಾಯಿಲ್, ಹಳೆಯ ಎಚ್‌ಟಿ ವೈರ್ ಸೋಲುವುದು ಆಗಲೇ. ಏರಿನಲ್ಲಿ ನಾಲ್ಕೂ ಸಿಲಿಂಡರ್ ಒಟ್ಟಿಗೆ ಬಡವಾದಂತೆ ಅನಿಸಿದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ನೋಡಿಸಿ.

ಇದರ ತಿರುಗುಮುರುಗು: ಸಿಗ್ನಲ್ಲಿನಲ್ಲಿ ಗಡಗಡ, ಓಟದಲ್ಲಿ ನಯ. ಇದು ಎಲ್ಲಿಂದಲೋ ಲೆಕ್ಕವಿಲ್ಲದ ಗಾಳಿ ಒಳಸೇರುವ ಲಕ್ಷಣ, ಇಲ್ಲವೇ ಕಾಂಪ್ರೆಶನ್ ಸೋರುವ ಲಕ್ಷಣ. ಹತ್ತು–ಹದಿನೈದು ವರ್ಷದ ಕಾರಿನಲ್ಲಿ ರಬ್ಬರ್ ಪೈಪುಗಳು ಒಣಗಿ ಸೀಳಿರುತ್ತವೆ. ಐಡ್ಲಿಂಗಿನಲ್ಲಿ ಒಳಹೋಗುವ ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ಸೀಳೂ ದೊಡ್ಡ ತೊಂದರೆ ಕೊಡುತ್ತದೆ. ಮೆಕ್ಯಾನಿಕ್‌ಗಳು ಕಾರ್ಬ್ ಕ್ಲೀನರ್ ಸಿಂಪಡಿಸಿ ಸದ್ದು ಬದಲಾಗುತ್ತದೆಯೇ ನೋಡುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಹೊತ್ತಿಕೊಳ್ಳಬಹುದು, ನೀವು ಮಾಡಲು ಹೋಗಬೇಡಿ. ಒಂದು ಅಡಿ ಉದ್ದದ ರಬ್ಬರ್ ನಳಿಗೆಯ ತುದಿಯನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಪೈಪುಗಳ ಕೀಲುಗಳ ಬಳಿ ಆಡಿಸಿದರೆ ‘ಸ್ಸ್’ ಎಂಬ ಸದ್ದು ಕೇಳಿಸುತ್ತದೆ. ತಿರುಗುವ ಬೆಲ್ಟು, ಫ್ಯಾನಿನಿಂದ ಕೈ ದೂರವಿರಲಿ.

ಜುಲೈ–ಆಗಸ್ಟಿನ ಜಡಿಮಳೆಯಲ್ಲಿ ಬೆಳಗ್ಗೆ ಮಾತ್ರ ಮಿಸ್ ಮಾಡಿ ಬಿಸಿಯಾದ ಮೇಲೆ ಸರಿಹೋದರೆ ತೇವ ಎಲ್ಲೋ ಕಿಡಿಯನ್ನು ಕದಿಯುತ್ತಿದೆ. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಎಚ್‌ಟಿ ವೈರಿನಿಂದ ಲೋಹಕ್ಕೆ ನೀಲಿ ಕಿಡಿ ಜಿಗಿಯುವುದು ಎಷ್ಟೋ ಸಲ ಕಣ್ಣಿಗೇ ಕಾಣುತ್ತದೆ. ಮುಟ್ಟಬೇಡಿ. ಅಲ್ಲಿರುವುದು ಇಪ್ಪತ್ತು ಸಾವಿರ ವೋಲ್ಟ್‌ಗೂ ಹೆಚ್ಚು.

ಸಿಎನ್‌ಜಿ ಹಾಕಿಸಿದವರಿಗೆ ಒಂದು ಅನುಕೂಲವಿದೆ. ಎರಡು ಇಂಧನ ಇರುವುದರಿಂದ ಸ್ವಿಚ್ ಒತ್ತಿದರೆ ಪರೀಕ್ಷೆಯೇ ಆಗಿಹೋಗುತ್ತದೆ. ಪೆಟ್ರೋಲಿನಲ್ಲಿ ಮಾತ್ರ ಮಿಸ್ ಆದರೆ ಪೆಟ್ರೋಲ್ ಇಂಜೆಕ್ಟರ್ ಅಥವಾ ಪಂಪ್. ಟ್ಯಾಂಕಿನಲ್ಲಿ ಎರಡು ಲೀಟರ್ ಇಟ್ಟುಕೊಂಡು ವರ್ಷವಿಡೀ ಗ್ಯಾಸಿನಲ್ಲೇ ಓಡಿಸುವವರ ಪಂಪ್ ಬೇಗ ಹಾಳಾಗುತ್ತದೆ, ಅದನ್ನು ತಂಪಾಗಿಡುವುದು ಪೆಟ್ರೋಲೇ. ಗ್ಯಾಸಿನಲ್ಲಿ ಮಾತ್ರ ಮಿಸ್ ಆದರೆ ಗ್ಯಾಸ್ ಇಂಜೆಕ್ಟರ್, ಫಿಲ್ಟರ್, ಇಲ್ಲವೇ ಬಡ ಕಿಡಿ, ಯಾಕೆಂದರೆ ಗ್ಯಾಸನ್ನು ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಎರಡರಲ್ಲೂ ಒಂದೇ ರೀತಿ ಮಿಸ್ ಆದರೆ ಇಂಜೆಕ್ಟರುಗಳು ನಿರಪರಾಧಿಗಳು.

ಇತ್ತೀಚೆಗೆ ಎಲ್ಲ ತಪ್ಪನ್ನೂ ಇ-20 ಪೆಟ್ರೋಲಿನ ತಲೆಗೆ ಕಟ್ಟುವುದು ರೂಢಿಯಾಗಿದೆ. ಎಥೆನಾಲ್ ನೀರು ಹೀರುತ್ತದೆ, ಹಳೆಯ ರಬ್ಬರಿಗೆ ಒಗ್ಗದಿರಬಹುದು, ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ತೊಂದರೆ ಕೊಡಬಹುದು, ಎಲ್ಲ ಒಪ್ಪೋಣ. ಆದರೆ ನಾಲ್ಕರಲ್ಲಿ ಒಂದೇ ಸಿಲಿಂಡರ್ ಮಿಸ್ ಆಗುತ್ತಿದ್ದರೆ ಅದು ಪೆಟ್ರೋಲಿನ ತಪ್ಪಲ್ಲ. ನಾಲ್ಕೂ ಕುಡಿಯುವುದು ಒಂದೇ ಟ್ಯಾಂಕಿನಿಂದ.

ಯಾವಾಗ ಎಂಬುದು ಗೊತ್ತಾಯಿತು. ಇನ್ನು ಯಾವ ಸಿಲಿಂಡರ್? ಹೊಸ ಕಾರುಗಳಲ್ಲಿ ಸ್ಕ್ಯಾನರ್ ಹೇಳುತ್ತದೆ. ಪಿ0301 ಅಂದರೆ ಒಂದನೆಯದು, ಪಿ0304 ಅಂದರೆ ನಾಲ್ಕನೆಯದು, ಪಿ0300 ಅಂದರೆ ಇಂಥದ್ದೇ ಎಂದಿಲ್ಲದೆ ಹಲವು. ಹಳೆಯ ಕಾರಿನವರು ಇಲ್ಲೊಂದು ಸಂಗತಿ ಗಮನಿಸಬೇಕು. 2010ರ ಏಪ್ರಿಲ್‌ನಲ್ಲಿ ಬಿಎಸ್-4 ಬಂದದ್ದು ದೇಶದ 13 ನಗರಗಳಿಗೆ ಮಾತ್ರ. ಬೆಂಗಳೂರು, ಪುಣೆ, ಸೊಲ್ಲಾಪುರ ಅದರಲ್ಲಿದ್ದವು, ಬಾಗಲಕೋಟೆ, ವಿಜಯಪುರ ಇರಲಿಲ್ಲ. ದೇಶಕ್ಕೆಲ್ಲ ಅದು ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ಮಿಸ್‌ಫೈರ್ ಹಿಡಿಯಬಲ್ಲ ಒಬಿಡಿ-2 ವ್ಯವಸ್ಥೆ ಬಿಎಸ್-4 ಕಾರುಗಳಿಗೆ ಬಂದದ್ದು 2013ರಿಂದ. ಹೀಗಾಗಿ ಒಂದೇ ವರ್ಷ, ಒಂದೇ ಮಾದರಿಯ ಎರಡು ಕಾರುಗಳಲ್ಲಿ ಪುಣೆಯಲ್ಲಿ ಕೊಂಡದ್ದು ಸ್ಕ್ಯಾನರಿಗೆ ಎಲ್ಲ ಹೇಳಿ, ಊರಲ್ಲಿ ಕೊಂಡದ್ದು ಏನೂ ಹೇಳದೆ ಇರಬಹುದು. ‘ಸ್ಕ್ಯಾನ್‌ನಲ್ಲಿ ಏನೂ ಬಂದಿಲ್ಲ’ ಎಂಬ ಮಾತಿನ ಅರ್ಥ ಏನೂ ಕೆಟ್ಟಿಲ್ಲ ಎಂದಲ್ಲ.

ಅಂಥ ಕಾರಿಗೆ ಹಳೆಯ ವಿಧಾನವೇ ಸಾಕು. ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಇಂಜೆಕ್ಟರಿನ ಕನೆಕ್ಟರನ್ನು ಒಂದೊಂದಾಗಿ ಕಿತ್ತು ಮತ್ತೆ ಹಾಕುವುದು. ಒಳ್ಳೆಯ ಸಿಲಿಂಡರಿನದು ಕಿತ್ತಾಗ ಎಂಜಿನ್ ಇನ್ನಷ್ಟು ಕುಸಿಯುತ್ತದೆ. ಕಿತ್ತರೂ ಏನೂ ವ್ಯತ್ಯಾಸವಾಗದಿದ್ದರೆ ಆ ಸಿಲಿಂಡರ್ ಮೊದಲೇ ಸತ್ತಿದೆ. ಬಹಳ ಮೆಕ್ಯಾನಿಕ್‌ಗಳು ಪ್ಲಗ್ಗಿನ ವೈರ್ ಎಳೆದು ನೋಡುತ್ತಾರೆ. ಅದರಿಂದ ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕೆಟ್ಟರೆ ಅದರ ಬೆಲೆ ಕೇಳುವ ಹಾಗಿಲ್ಲ.

ಸಿಲಿಂಡರ್ ಗೊತ್ತಾದ ಮೇಲೆ ದುಡ್ಡು ಉಳಿಸುವ ಕೆಲಸ ಬರುತ್ತದೆ: ಅದಲು ಬದಲು. ಮೂರನೆಯದು ಮಿಸ್ ಆಗುತ್ತಿದೆ ಅಂದುಕೊಳ್ಳಿ. ಅದರ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದರದ್ದನ್ನು ಮೂರನೆಯದಕ್ಕೂ ಹಾಕಿ. ರೋಗ ಎರಡನೆಯದಕ್ಕೆ ಹೋಯಿತೇ? ಕಾಯಿಲ್ ಸಿಕ್ಕಿಬಿತ್ತು. ಹೋಗಲಿಲ್ಲವೇ? ಹಾಗೇ ಪ್ಲಗ್, ಆಮೇಲೆ ಇಂಜೆಕ್ಟರ್. ಒಂದು ರೂಪಾಯಿ ಸಾಮಾನು ಕೊಳ್ಳದೆ ತಪ್ಪಿತಸ್ಥ ಯಾರೆಂದು ತಿಳಿಯುತ್ತದೆ. ಎಲ್ಲ ಬದಲಿಸಿದರೂ ರೋಗ ಮೂರರಲ್ಲೇ ಕೂತಿದ್ದರೆ, ಆಗ ಮಾತ್ರ ಒಳಗೆ ನೋಡುವ ಸರದಿ.

ಪ್ಲಗ್ ಬಿಚ್ಚಿದಾಗ ನಾಲ್ಕನ್ನೂ ಸಾಲಾಗಿ ಇಡಲು ಹೇಳಿ. ಪ್ಲಗ್ಗುಗಳ ಮುಖ ಓದುವುದು ದೊಡ್ಡ ವಿದ್ಯೆಯಲ್ಲ. ಚಹಾಪುಡಿ ತೊಳೆದ ಕಂದು ಬಣ್ಣ ಆರೋಗ್ಯ. ಒಣ ಮಸಿ ಇದ್ದರೆ ಇಂಧನ ಹೆಚ್ಚು ಅಥವಾ ಕಿಡಿ ಬಡವು. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿಯೇ ಇಲ್ಲ. ಎಣ್ಣೆ ಜಿಡ್ಡು ಮೆತ್ತಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಮೂರು ಕಂದಾಗಿದ್ದು ಒಂದು ಮಾತ್ರ ಉಗಿಯಲ್ಲಿ ತೊಳೆದಂತೆ ಬೆಳ್ಳಗಿದ್ದರೆ ರೇಡಿಯೇಟರಿನ ನೀರು ಆ ಸಿಲಿಂಡರಿಗೆ ನುಗ್ಗುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ನೋಡಬೇಕು. ಪ್ಲಗ್ ಕೂರುವ ಗುಳಿಯಲ್ಲೇ ಎಣ್ಣೆ ನಿಂತಿದ್ದರೆ ಗಾಬರಿ ಬೇಡ. ಅದು ಟ್ಯಾಪೆಟ್ ಕವರ್ ಸೀಲಿನ ಸೋರಿಕೆ, ಹೆಚ್ಚು ಓಡಿದ ಕಾರಿನ ಸಾಮಾನ್ಯ ಕಾಯಿಲೆ. ಆ ಎಣ್ಣೆ ಕಾಯಿಲಿನ ರಬ್ಬರನ್ನು ಮೆತ್ತಗೆ ಮಾಡಿ ಕಿಡಿಯನ್ನು ದಾರಿ ತಪ್ಪಿಸುತ್ತದೆ. ಸೀಲ್ ಹಾಕದೆ ಕಾಯಿಲ್ ಮಾತ್ರ ಬದಲಿಸಿದರೆ ಆರು ತಿಂಗಳಲ್ಲಿ ಮತ್ತೆ ಅದೇ ಕಥೆ. ಹೊಸ ಪ್ಲಗ್ ತರಲು ನಾನಾ ಪೇಠಕ್ಕೆ ಹೋಗುವವರು ಕಂಪನಿಯ ಅಧಿಕೃತ ಡೀಲರ್ ಅಂಗಡಿಯಲ್ಲಿ ಬಿಲ್ ಸಮೇತ ಕೊಳ್ಳಿ. ನಕಲಿ ಪ್ಲಗ್ ಹಾಕಿ ಪರೀಕ್ಷೆ ಮಾಡಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ.

ಕೈಯಲ್ಲೇ ಇದ್ದೂ ಯಾರೂ ನೋಡದ ಇನ್ನೊಂದು ಸಾಕ್ಷಿ ಪಿಯುಸಿ ಚೀಟಿ. ಪೆಟ್ರೋಲ್ ಕಾರಿನ ಚೀಟಿಯಲ್ಲಿ ಸಿಒ, ಎಚ್‌ಸಿ ಎಂದು ಎರಡು ಅಂಕಿ ಇರುತ್ತವೆ. ಬಿಎಸ್-3 ಕಾರಿಗೆ ಎಚ್‌ಸಿ ಮಿತಿ 750, ಬಿಎಸ್-4ಕ್ಕೆ 200. ಸಿಒ ಹೆಚ್ಚಿದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಸಿಒ ಸರಿಯಿದ್ದು ಎಚ್‌ಸಿ ಮಾತ್ರ ಮೇಲೇರಿದರೆ ಇಂಧನ ಉರಿಯದೆ ಹೊರಬರುತ್ತಿದೆ ಎಂದರ್ಥ, ಅಂದರೆ ಮಿಸ್‌ಫೈರ್. ಹಳೆಯ ಚೀಟಿಗಳನ್ನು ಎಸೆಯದೆ ಇಟ್ಟವರಿಗೆ ರೋಗ ಯಾವಾಗ ಶುರುವಾಯಿತೆಂಬುದೂ ಸಿಗುತ್ತದೆ. ಯಂತ್ರಕ್ಕೆ ಪೈಪ್ ಹಾಕದೆ ಚೀಟಿ ಕೊಡುವ ಕೇಂದ್ರದ್ದಾದರೆ ಮಾತ್ರ ಅದರ ಬೆಲೆ ಕಾಗದದ್ದಷ್ಟೇ.

ಚಾಕಣದಲ್ಲಿ ಕೆಲಸ ಮಾಡುವ ಬಾಗಲಕೋಟೆಯ ಪರಿಚಿತರೊಬ್ಬರು ಕಳೆದ ವರ್ಷ ಫೋನ್ ಮಾಡಿದ್ದರು. ತಂದೆ ಕೊಂಡಿದ್ದ 2009ರ ಕಾರು, 1.7 ಲಕ್ಷ ಕಿಲೋಮೀಟರ್, ಆರು ವರ್ಷದಿಂದ ಸಿಎನ್‌ಜಿ. ಒಂದು ಗ್ಯಾರೇಜಿನಲ್ಲಿ ಪ್ಲಗ್, ವೈರ್ ಬದಲಿಸಿ, ಇಂಜೆಕ್ಟರ್ ತೊಳೆಸಿ ಒಂಬತ್ತು ಸಾವಿರ ಆಗಿತ್ತು. ಈಗ ಎಂಜಿನ್ ಕೆಲಸಕ್ಕೆ 38 ಸಾವಿರ ಹೇಳಿದ್ದರು.

‘ಮಾರಿಬಿಡ್ಲೇನ್ರಿ ಸರ್? ಅಪ್ಪಾರಿಗೆ ಹೆಂಗ ಹೇಳೂದು ಅನ್ನೂದ ತಿಳೀವಲ್ದು.’

‘ತಡೀರಿ. ನಡಗೂದು ತಂಪಿದ್ದಾಗೋ, ಬಿಸಿಯಾದ ಮ್ಯಾಲೋ?’

‘ಮುಂಜಾನೆ ಏನೂ ಇಲ್ರಿ. ಕಂಪನಿ ಮುಟ್ಟೂದ್ರಾಗ ಸಿಗ್ನಲ್‌ನ್ಯಾಗ ಗಡಗಡ ಅಂತೈತಿ. ಓಡೂವಾಗ ಗೊತ್ತಾಗಂಗಿಲ್ಲ.’

‘ಗ್ಯಾಸಿನಾಗಷ್ಟೋ, ಪೆಟ್ರೋಲಿನಾಗೂ?’

‘ಎರಡ್ರಾಗೂ ಅದ ಹಾಡ್ರಿ.’

ಎರಡರಲ್ಲೂ ಅದೇ ಹಾಡು ಎಂದಮೇಲೆ ಇಂಜೆಕ್ಟರ್ ತೊಳೆಸಿದ ದುಡ್ಡು ನೀರಿಗೆ ಹೋದಂತೆಯೇ. ಬಿಸಿಯಾದ ಮೇಲೆ, ನಿಂತಾಗ ಮಾತ್ರ ಎಂಬ ಮಾತು ವಾಲ್ವ್ ಕಡೆ ಕೈ ತೋರಿಸುತ್ತಿತ್ತು. ಭಾನುವಾರ ಬೇರೊಂದು ಸಣ್ಣ ಗ್ಯಾರೇಜಿಗೆ ಕರೆದುಕೊಂಡು ಹೋಗಿ ಬಿಸಿ ಎಂಜಿನ್ನಿನ ಕಾಂಪ್ರೆಶನ್ ನೋಡಿಸಿದೆವು. ನಾಲ್ಕೂ ಪ್ಲಗ್ ತೆಗೆದು, ಕಿಡಿ ಮತ್ತು ಇಂಧನದ ಕನೆಕ್ಷನ್ ಕಿತ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ಲಗ್ಗಿನ ಜಾಗಕ್ಕೆ ಗೇಜ್ ತಿರುಗಿಸಿ, ಸೆಲ್ಫ್ ಹೊಡೆದು ಐದಾರು ಸುತ್ತು ತಿರುಗಿಸುವುದು. ಅರ್ಧ ಗಂಟೆಯ ಕೆಲಸ. ಮೂರು ಸಿಲಿಂಡರುಗಳು 170ರ ಆಸುಪಾಸು ಪಿಎಸ್‌ಐ ತೋರಿಸಿದವು, ಮೂರನೆಯದು ಮಾತ್ರ 115. ಒಟ್ಟು ಅಂಕಿಗಿಂತ ಮುಖ್ಯವಾದದ್ದು ಅಂತರ. ಸಿಲಿಂಡರುಗಳ ನಡುವೆ ಶೇ 10–15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಂತರ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿದೆವು. ಅಂಕಿ ಏರಿದ್ದರೆ ರಿಂಗ್ ಸವೆದಿದೆ ಎಂದರ್ಥ, ಎಣ್ಣೆ ತಾತ್ಕಾಲಿಕವಾಗಿ ಸಂದಿ ಮುಚ್ಚುತ್ತದೆ. ಏರಲಿಲ್ಲ. ಅಂದಮೇಲೆ ಸೋರುತ್ತಿರುವುದು ವಾಲ್ವ್.

ಎಂಜಿನ್ ತಣ್ಣಗಾದ ಮೇಲೆ ಟ್ಯಾಪೆಟ್ ಕವರ್ ತೆಗೆದರೆ, ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಸಂದಿಗೆ ಫೀಲರ್ ಗೇಜಿನ ಅತಿ ತೆಳ್ಳಗಿನ ಪಟ್ಟಿಯೂ ಹೋಗಲಿಲ್ಲ. ಗ್ಯಾಸಿನಲ್ಲಿ ಓಡುವ ಎಂಜಿನ್ನಿನಲ್ಲಿ ವಾಲ್ವ್ ಕೂರುವ ಸೀಟು ಬೇಗ ಸವೆಯುತ್ತದೆ. ಸೀಟು ಸವೆದಂತೆ ವಾಲ್ವ್ ಮೇಲೆ ಸರಿದು ಟ್ಯಾಪೆಟ್ ಸಂದಿ ಕಡಿಮೆಯಾಗುತ್ತದೆ. ಬಿಸಿಯಾದಾಗ ಲೋಹ ಹಿಗ್ಗಿ ಇದ್ದ ಸಂದಿಯೂ ಮುಚ್ಚಿ, ವಾಲ್ವ್ ಪೂರ್ತಿ ಕೂರದೆ ಗಾಳಿ ಸೋರುತ್ತದೆ. ನಿಧಾನ ತಿರುಗುವಾಗ ಸೋರಲು ಹೆಚ್ಚು ಸಮಯ ಸಿಗುವುದರಿಂದ ಸಿಗ್ನಲ್ಲಿನಲ್ಲಿ ನಡುಕ, ಓಟದಲ್ಲಿ ನಯ. ಈ ಎಂಜಿನ್ನಿನಲ್ಲಿ ಸಂದಿ ಹೊಂದಿಸಲು ಸ್ಕ್ರೂ ಇತ್ತು. ಎಂಟೂ ವಾಲ್ವ್‌ಗಳ ಸಂದಿಯನ್ನು ಕೈಪಿಡಿಯ ಅಳತೆಗೆ ಹೊಂದಿಸಿ, ಕವರಿಗೆ ಹೊಸ ಗ್ಯಾಸ್ಕೆಟ್ ಹಾಕಿದರು. ಮತ್ತೆ ಬಿಸಿ ಮಾಡಿ ನೋಡಿದಾಗ ಮೂರನೆಯದು 160 ತೋರಿಸಿತು. ಗ್ಯಾಸ್ಕೆಟ್, ಕೂಲಿ ಸೇರಿ ಎರಡು ಸಾವಿರದೊಳಗೆ. ಇನ್ನೂ ಕೆಲವು ತಿಂಗಳು ಹಾಗೇ ಓಡಿಸಿದ್ದರೆ ವಾಲ್ವಿನ ಅಂಚು ಸುಟ್ಟು, ಹೆಡ್ ಇಳಿಸುವ ಕೆಲಸ ನಿಜವಾಗಿಯೇ ಬರುತ್ತಿತ್ತು. ಟ್ಯಾಪೆಟ್ ಸಂದಿ ತಾನೇ ಹೊಂದಿಕೊಳ್ಳುವ ಎಂಜಿನ್ನುಗಳೂ ಇವೆ, ಅವುಗಳಲ್ಲಿ ಈ ಕಾಯಿಲೆ ಹೀಗೆ ಬರುವುದಿಲ್ಲ.

ಗೇಜ್ ಬೇರೆ ಉತ್ತರ ಕೊಡುವ ಸಂದರ್ಭಗಳೂ ಇವೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಾಲ್ಕೂ ಕಡಿಮೆ ತೋರಿಸಿ, ಎಣ್ಣೆ ಹಾಕಿದಾಗ ನಾಲ್ಕೂ ಏರಿದರೆ ರಿಂಗುಗಳ ಆಯಸ್ಸು ಮುಗಿದಿದೆ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕುಸಿದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಸೀಳಿದೆ. ಆಗ ದೊಡ್ಡ ಖರ್ಚಿನ ಮಾತು ಆಡುವುದು ನ್ಯಾಯ. ಅಷ್ಟು ಖರ್ಚು ಆ ಕಾರಿಗೆ ತಕ್ಕುದೇ ಎಂದು ಮನೆಯವರೊಂದಿಗೆ ಕೂತು ಲೆಕ್ಕ ಹಾಕಬಹುದು, ಕೈಯಲ್ಲಿ ನಾಲ್ಕು ಅಂಕಿ ಇರುತ್ತವೆ. ನನ್ನ ಮಟ್ಟಿಗೆ ಹೇಳುವುದಾದರೆ, ತಳ ತುಕ್ಕು ಹಿಡಿದ ಕಾರಿಗೆ ಎಂಜಿನ್ ಕೆಲಸ ಮಾಡಿಸುವುದು ಬೇಡ. ಮೈ ಗಟ್ಟಿಯಿದ್ದು ಹೆಡ್ ಕೆಲಸ ಮಾತ್ರ ಇದ್ದರೆ ಮಾಡಿಸಬಹುದು.

ಡೀಸೆಲ್ ಕಾರಿನವರಿಗೆ ಒಂದೇ ಎಚ್ಚರಿಕೆ. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಇಂಜೆಕ್ಟರಿನ ಪೈಪ್ ನಟ್ ಸ್ವಲ್ಪ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುತ್ತಿದ್ದರು. ಕಾಮನ್ ರೈಲ್ ಎಂಜಿನ್ನಿನಲ್ಲಿ ಹಾಗೆ ಮಾಡಲು ಬಿಡಬೇಡಿ. ಅಲ್ಲಿ ಡೀಸೆಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಚಿಮ್ಮಿದರೆ ಚರ್ಮ ಸೀಳಿ ಒಳನುಗ್ಗುತ್ತದೆ.

ಗ್ಯಾರೇಜಿನಲ್ಲಿ ಮಾತು ಹೇಗೆ? ಮರಾಠಿ ಪೂರ್ತಿ ಬಾರದಿದ್ದರೂ ಎರಡು ವಾಕ್ಯ ಕಲಿತರೆ ಸಾಕು. ‘ಆಧೀ ಕಾಂಪ್ರೆಶನ್ ಚೆಕ್ ಕರಾ, ಮಗ್ ಬಘೂ’: ಮೊದಲು ಕಾಂಪ್ರೆಶನ್ ನೋಡಿ, ಆಮೇಲೆ ನೋಡೋಣ. ‘ಜುನೇ ಪಾರ್ಟ್ ಪರತ್ ದ್ಯಾ’: ಹಳೆಯ ಸಾಮಾನು ವಾಪಸ್ ಕೊಡಿ. ಕಾಂಪ್ರೆಶನ್ ಗೇಜ್ ಇಲ್ಲದ ಗ್ಯಾರೇಜ್ ಎಂಜಿನ್ ಬಿಚ್ಚಲು ಹೇಳಿದರೆ ಚಹಾ ಕುಡಿದು ಎದ್ದು ಬನ್ನಿ. ಪರೀಕ್ಷೆಗೆ ಕೂಲಿ ಕೇಳಿದರೆ ಮಾತ್ರ ಚೌಕಾಸಿ ಮಾಡಬೇಡಿ. ಸಾಮಾನು ಮಾರದೆ ಬರೀ ಪರೀಕ್ಷೆ ಮಾಡಿದವನಿಗೂ ಹೊಟ್ಟೆಯಿದೆ. ಪರೀಕ್ಷೆಗೆ ದುಡ್ಡು ಕೊಡದ ಗಿರಾಕಿಗಳಿಂದಲೇ ಊಹೆಯ ಮೇಲೆ ಸಾಮಾನು ಬದಲಿಸುವ ಪದ್ಧತಿ ಬೆಳೆದದ್ದು.

ದೀಪಾವಳಿಗೋ ಜಾತ್ರೆಗೋ ಊರಿಗೆ ಹೊರಟು ಎನ್‌ಎಚ್ 48ರ ನಡುವೆ ಮಿಸ್ಸಿಂಗ್ ಶುರುವಾದರೆ ಮೊದಲು ಚೆಕ್ ಎಂಜಿನ್ ದೀಪ ನೋಡಿ. ಸುಮ್ಮನೆ ಹತ್ತಿ ನಿಂತಿದ್ದರೆ ಆಕ್ಸಿಲರೇಟರ್ ಹಗುರ ಮಾಡಿ, ಎಸಿ ಆರಿಸಿ, ಮುಂದಿನ ಊರು ಮುಟ್ಟಬಹುದು. ಮಿಟುಕುತ್ತಿದ್ದರೆ ಕನ್ವರ್ಟರ್ ಸುಡುವಷ್ಟು ಪೆಟ್ರೋಲ್ ಉರಿಯದೆ ಹೋಗುತ್ತಿದೆ, ಬದಿಗೆ ನಿಲ್ಲಿಸಿ. ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ, ಕೆಳಗಿನ ಕನ್ವರ್ಟರ್ ಬೆಂಕಿ ಹೊತ್ತಿಸುವಷ್ಟು ಕಾದಿರುತ್ತದೆ. ಸತ್ತ ಸಿಲಿಂಡರ್ ಯಾವುದೆಂದು ಗೊತ್ತಿದ್ದರೆ ಎಂಜಿನ್ ಆರಿಸಿ, ಪೆಟ್ರೋಲ್ ಮೋಡಿನಲ್ಲಿ ಅದರ ಇಂಜೆಕ್ಟರ್ ಕನೆಕ್ಟರ್ ಕಿತ್ತು ಟೇಪು ಸುತ್ತಿ, ಉಳಿದ ಮೂರರ ಮೇಲೆ ಐವತ್ತರ ವೇಗದಲ್ಲಿ ಎಡಗಡೆ ಹಿಡಿದು ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಟೆಂಪರೇಚರ್ ಮುಳ್ಳು ಮೇಲೇರುತ್ತಿದ್ದರೆ ಮಾತ್ರ ಅದೂ ಬೇಡ, ಟೋಯಿಂಗ್ ಕರೆಸಿ.